ಚಿಕ್, ನ್ಯೀ, ಸುಮ್: ಬೈಲಕುಪ್ಪೆಯ ಜೋಳದ ಹೊಲದಲ್ಲಿ ನಾಲ್ಕು ದಿನ

ಮೊದಲನೇ ದಿನ, ಗುರುವಾರ

ಬೈಲಕುಪ್ಪೆಗೆ ಹೋಗ್ತಿದ್ದೀನಿ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. "ಓ, ಗೋಲ್ಡನ್ ಟೆಂಪಲ್ಲಾ?"

ಅವರ ತಪ್ಪಲ್ಲ ಬಿಡಿ. ನಾನೂ ಮೂರು ಸಲ ಹಾಗೇ ಹೋಗಿ ಬಂದವನು. ಒಮ್ಮೆ ಮದುವೆಯಾದ ಹೊಸತರಲ್ಲಿ, ಒಮ್ಮೆ ಆಫೀಸಿನವರ ಜೊತೆ, ಒಮ್ಮೆ ಅತ್ತೆ-ಮಾವನ ಜೊತೆ. ಮೂರು ಸಲವೂ ಅದೇ ಕಥೆ. ಪಾರ್ಕಿಂಗ್ ಹುಡುಕು, ಬಂಗಾರದ ಬಣ್ಣದ ಬುದ್ಧನ ಮುಂದೆ ಫೋಟೋ ತೆಗಿ, ಮೊಮೊ ತಿನ್ನು, ಅಲ್ಲಿಂದ ದುಬಾರೆಗೆ ಓಡು. ದಾರಿಯ ಎರಡೂ ಕಡೆ ಮುಸುಕಿನ ಜೋಳದ ಹೊಲ ಇದ್ದದ್ದು ಕಣ್ಣಿಗೆ ಬಿದ್ದಿತ್ತು. ಯಾರ ಹೊಲ, ಯಾರು ಬಿತ್ತುತ್ತಾರೆ, ಯಾರು ಮುರಿಯುತ್ತಾರೆ ಅಂತ ಒಂದು ಸಲವೂ ಕೇಳಿರಲಿಲ್ಲ. ನಾನು ಹುಟ್ಟಿದ್ದು ಅರಸೀಕೆರೆ ಕಡೆ, ರಾಗಿ ಹೊಲದ ಮನೆಯಲ್ಲಿ. ಹೊಲ ನೋಡಿಯೂ ಕೇಳಲಿಲ್ಲವಲ್ಲ ಅಂತ ಆಮೇಲೆ ನನಗೇ ಒಂಥರಾ ಆಯಿತು. ಅದಕ್ಕೇ ಈ ಸಲ ಅಕ್ಟೋಬರ್ ಮೊದಲ ವಾರ ನಾಲ್ಕು ದಿನ ರಜೆ ಹಾಕಿ, ಒಬ್ಬನೇ ಹೊರಟೆ.

ಮೈಸೂರಿನಿಂದ ಮಡಿಕೇರಿ ಬಸ್ಸು. ಹುಣಸೂರು ದಾಟಿದ ಮೇಲೆ ಕಿಟಕಿಯಿಂದ ಒಂದು ವಾಸನೆ ಬರಲು ಶುರುವಾಗುತ್ತದೆ. ಬೆಂದ ಎಲೆಯದ್ದು, ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ ತಾಲೂಕುಗಳು ವರ್ಜೀನಿಯಾ ತಂಬಾಕಿನ ಸೀಮೆ. ಹೊಲದ ಮಧ್ಯೆ ಕಿಟಕಿಯಿಲ್ಲದ ಎತ್ತರದ ಕೋಣೆಗಳು ಕಾಣುತ್ತವಲ್ಲ, ಅವೇ ಬ್ಯಾರನ್‌ಗಳು. ಒಳಗೆ ಕೋಲಿಗೆ ಎಲೆ ಕಟ್ಟಿ ತೂಗುಹಾಕಿ, ಕೆಳಗಿನಿಂದ ಸೌದೆ ಉರಿಸುತ್ತಾರೆ. ಬಿಸಿ ಹದ ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ದರ ಬೀಳುತ್ತದೆ. ಪಕ್ಕದ ಸೀಟಿನವರು ಆ ಕಡೆಯವರೇ. ಮೂರು ರಾತ್ರಿಯಿಂದ ನಿದ್ದೆಯಿಲ್ಲ ಅಂದವರು ಪಿರಿಯಾಪಟ್ಟಣ ಬರುವವರೆಗೂ ನನ್ನ ಭುಜದ ಮೇಲೆ ನಿದ್ದೆ ಮಾಡಿದರು.

ಬೈಲಕುಪ್ಪೆ ಅಂದರೆ ನಿಜವಾಗಿ ಹೆದ್ದಾರಿ ಪಕ್ಕದ ಕನ್ನಡದ ಊರು. ಟಿಬೆಟನ್ನರ ಊರುಗಳು ಅಲ್ಲಿಂದ ಒಳಗೆ, ಒಂದೆರಡಲ್ಲ, ಹತ್ತಾರು. ಸುತ್ತಲಿನವರು ಯಾವುದನ್ನೂ ಊರು ಅನ್ನುವುದಿಲ್ಲ, ಕ್ಯಾಂಪ್ ಅನ್ನುತ್ತಾರೆ. ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್, ಹೀಗೆ. ಅರವತ್ತು ವರ್ಷ ದಾಟಿದರೂ ಅವು ಕ್ಯಾಂಪುಗಳೇ. ಇಲ್ಲಿ ಎರಡು ನೆಲೆಗಳಿವೆ. ಲುಗ್ಸುಂಗ್ ಸಂಡುಪ್ಲಿಂಗ್ ಹಳೆಯದು, 1961ರದ್ದು. ಡಿಕ್ಯಿ ಲಾರ್ಸೋ 1969ರದ್ದು. ಆಟೋದವರಿಗೆ ಈ ಹೆಸರು ಹೇಳಿದರೆ ಮುಖ ನೋಡುತ್ತಾರೆ. "ಹಳೇ ಕ್ಯಾಂಪಾ, ಹೊಸಾ ಕ್ಯಾಂಪಾ?" ಅಂತ ಕೇಳುತ್ತಾರೆ.

ಫೋನಿನಲ್ಲಿ ಮಾತಾಡಿ ಒಂದು ಕಡೆ ರೂಮ್ ಹೇಳಿಟ್ಟಿದ್ದೆ. ಹೋಗಿ ನೋಡಿದರೆ "ನಿಮ್ಮ ಹೆಸರೇ ಇಲ್ಲವಲ್ಲ" ಅಂದರು. ಮುಂಗಡ ಕಳಿಸಿದ್ದು ತೋರಿಸಿದೆ. ಅದು ಬೇರೆ ಯಾರದ್ದೋ ನಂಬರ್ ಅಂತೆ. ಜಗಳ ಮಾಡಲು ಶಕ್ತಿ ಇರಲಿಲ್ಲ, ದುಡ್ಡು ಹೋಯಿತು. ಆದರೆ ಆ ಎಡವಟ್ಟಿನಿಂದಲೇ ಪ್ರವಾಸ ಸರಿಹೋಯಿತು ಅನ್ನಬೇಕು. ಆಟೋದವನು ನನ್ನ ಮುಖ ನೋಡಿ, "ಒಬ್ರು ಅಜ್ಜ ಅವ್ರೆ, ಮೇಲ್ಗಡೆ ರೂಮ್ ಖಾಲಿ ಐತೆ, ಕೇಳ್ತೀನಿ ತಾಳಿ" ಅಂದ.

ಅಜ್ಜ ಗೇಟಿನ ಹತ್ತಿರ ನಿಂತಿದ್ದರು. ತಲೆಗೆ ಅಗಲ ಅಂಚಿನ ಟೋಪಿ, ಕೈಯಲ್ಲಿ ಜಪಮಣಿ, ಕಾಲಿಗೆ ಕೆಸರು ಮೆತ್ತಿದ ಗಂಬೂಟು. ನಾನು ಕಲಿತುಕೊಂಡು ಬಂದಿದ್ದ ಒಂದೇ ಮಾತು, "ತಾಶಿ ದೆಲೆಕ್" ಅಂದೆ. ಅವರು, "ಬನ್ನಿ ಬನ್ನಿ, ಕೂತ್ಕಳಿ, ಊಟ ಆಯ್ತಾ?" ಅಂದರು. ಅಪ್ಪಟ ಪಿರಿಯಾಪಟ್ಟಣ ಕನ್ನಡ. ನನ್ನ ಅರಸೀಕೆರೆ ಕನ್ನಡವೇ ಅದರ ಮುಂದೆ ಪೇಟೆಯದ್ದಾಗಿ ಕೇಳಿಸಿತು.

ಟಿಬೆಟನ್ನಿನಲ್ಲಿ ಅಜ್ಜನಿಗೆ ಪೋಲಾ, ಅಜ್ಜಿಗೆ ಮೋಲಾ. ನಾನೂ ಹಾಗೇ ಕರೆದೆ. ಸಂಜೆ ಮೋಲಾ ಬೆಣ್ಣೆ ಚಹಾ ಕೊಟ್ಟರು. ಉಪ್ಪು ಹಾಕಿದ್ದು. ಚಹಾ ಅಂದುಕೊಂಡು ಕುಡಿದರೆ ಕಷ್ಟ, ತಿಳಿಸಾರು ಅಂದುಕೊಂಡು ಕುಡಿದರೆ ಪರವಾಗಿಲ್ಲ. ಎರಡನೇ ಲೋಟಕ್ಕೆ ಒಗ್ಗಿಕೊಂಡೆ. ಹೊರಗೆ ಅಂಗಡಿ ಜಗಲಿಯ ಮೇಲೆ ನಾಲ್ಕು ಜನ ಗಂಡಸರು ಶೋ ಆಡುತ್ತಿದ್ದರು. ಮರದ ಬಟ್ಟಲಿನಲ್ಲಿ ದಾಳ ಕುಲುಕಿ, ಚರ್ಮದ ಮೆತ್ತೆಯ ಮೇಲೆ ಧಪ್ ಅಂತ ಬೋರಲು ಹಾಕುವುದು, ಹಾಕುವಾಗ ಗಟ್ಟಿಯಾಗಿ ಕೂಗುವುದು. ರಾತ್ರಿ ಒಂಬತ್ತರವರೆಗೂ ಧಪ್, ಕೂಗು, ನಗು. ನಮ್ಮೂರ ಅರಳಿಕಟ್ಟೆಯ ಚೌಕಾಬಾರ ನೆನಪಾಯಿತು.

ಎರಡನೇ ದಿನ, ಶುಕ್ರವಾರ

ಬೆಳಗ್ಗೆ ಐದಕ್ಕೆ ಎಚ್ಚರ. ಮೋಲಾ ದೇವರ ಮುಂದೆ ಸಾಲಾಗಿ ಏಳು ಬಟ್ಟಲು ಇಟ್ಟು, ಎಡದಿಂದ ಒಂದೊಂದಕ್ಕೇ ನೀರು ತುಂಬುತ್ತಿದ್ದರು. ಬಟ್ಟಲಿಗೂ ಬಟ್ಟಲಿಗೂ ನಡುವೆ ಒಂದು ಕಾಳಿನಷ್ಟು ಜಾಗ. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಸಂಜೆ ಅದನ್ನೆಲ್ಲ ಬಗ್ಗಿಸಿ, ಒರೆಸಿ, ಬೋರಲು ಹಾಕಿಡುತ್ತಾರೆ. ಮಾರನೆಯ ದಿನ ಮತ್ತೆ ಅದೇ. ಎಷ್ಟು ವರ್ಷದಿಂದ ಅಂತ ಕೇಳಿದ್ದಕ್ಕೆ, "ಅಮ್ಮ ಮಾಡ್ತಿದ್ರು, ನಾನು ಮಾಡ್ತೀನಿ" ಅಂದರು ಅಷ್ಟೇ.

ಆರೂವರೆಗೆ ಪೋಲಾ ಜೊತೆ ಹೊಲಕ್ಕೆ ಹೊರಟೆ. ಮನೆಗಳ ಸಾಲು ಮುಗಿದ ತಕ್ಷಣ ಹೊಲ ಶುರು. ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ. ಒಂದು ಕಡೆ ಒಣಗಿ ನಿಂತ ಮುಸುಕಿನ ಜೋಳ, ಇನ್ನೊಂದು ಕಡೆ ಏರುಮಡಿಯಲ್ಲಿ ಹಸಿರು ಶುಂಠಿ. ಶುಂಠಿ ಪೋಲಾ ಅವರದ್ದಲ್ಲ, ಹೊಲ ಗುತ್ತಿಗೆಗೆ ಹಿಡಿದವರದ್ದು. ಒಂದು ವರ್ಷ ಶುಂಠಿ ಬೆಳೆದ ನೆಲದಲ್ಲಿ ಮರುವರ್ಷ ಮತ್ತೆ ಶುಂಠಿ ಹಾಕಿದರೆ ಕೊಳೆರೋಗ ಕಾದಿರುತ್ತದೆ. ಅದಕ್ಕೇ ಶುಂಠಿಯವರು ಊರೂರು ಅಲೆದು ಹೊಸ ನೆಲ ಹುಡುಕುತ್ತಾರೆ. "ದುಡ್ಡು ಚೆನ್ನಾಗಿ ಕೊಡ್ತಾರೆ. ಔಷಧಿನೂ ಚೆನ್ನಾಗಿ ಹೊಡೀತಾರೆ" ಅಂದರು ಪೋಲಾ. ಆ "ಚೆನ್ನಾಗಿ"ಯನ್ನು ಎರಡು ಸಲ ಎರಡು ಥರ ಹೇಳಿದರು.

ಹೊಲ ಅಂದರೂ ಯಾರದ್ದೂ ಅಲ್ಲ. ನೆಲ ಸರ್ಕಾರದ್ದು, ಇವರಿಗೆ ಗುತ್ತಿಗೆ. ಬೆಳೆಯಬಹುದು, ಮಾರುವ ಹಾಗಿಲ್ಲ.

ದಾರಿಯಲ್ಲೇ ಅವರು ಕಥೆ ಶುರು ಮಾಡಿದರು. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಗಡಿ ದಾಟಿ ಬಂದ ಸಾವಿರಾರು ಜನರಲ್ಲಿ ಇವರ ಅಪ್ಪ-ಅಮ್ಮನೂ ಇದ್ದರು. ಇವರಿಗೆ ಆಗ ಒಂಬತ್ತೋ ಹತ್ತೋ ವರ್ಷ. ಮೊದಲು ಅಸ್ಸಾಮಿನ ಮಿಸ್ಸಮಾರಿ ಶಿಬಿರ. ಆಮೇಲೆ ಹಿಮಾಲಯದ ಕಡೆ ರಸ್ತೆ ಕೆಲಸ, ಅಪ್ಪ ಬಂಡೆ ಒಡೆಯುವುದು, ಅಮ್ಮ ಜಲ್ಲಿ ಹೊರುವುದು. ಅದೇ ಹೊತ್ತಿಗೆ ನೆಹರು ಅವರು ರಾಜ್ಯಗಳಿಗೆ ಪತ್ರ ಬರೆದು ಇವರಿಗೆ ಜಾಗ ಕೊಡುತ್ತೀರಾ ಅಂತ ಕೇಳಿದ್ದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕಾಡು ಬಿಟ್ಟುಕೊಟ್ಟಿತು. ಮೊದಲ ತಂಡ ಬಂದಿಳಿದದ್ದು 1960ರ ಡಿಸೆಂಬರ್‌ನಲ್ಲಿ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಯಾರನ್ನು ಕೇಳಿದರೂ ಜಾಗ ಕೊಟ್ಟವರು ನಿಜಲಿಂಗಪ್ಪ ಅಂತಾರೆ, ಹೆಸರು ಹೇಳುವಾಗ ಕೈ ಮುಗಿಯುವವರೂ ಇದ್ದಾರೆ. ಲೆಕ್ಕ ಹಾಕಿದರೆ 1960ರಲ್ಲಿ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ನಿಜಲಿಂಗಪ್ಪ ಮತ್ತೆ ಆ ಕುರ್ಚಿಗೆ ಬಂದದ್ದು 1962ರಲ್ಲಿ, ಇದ್ದದ್ದು 1968ರವರೆಗೆ. ಕ್ಯಾಂಪುಗಳು ಬೇರು ಬಿಟ್ಟದ್ದು ಆ ವರ್ಷಗಳಲ್ಲಿ, ಹಾಗಾಗಿ ಹೆಸರು ಅವರದ್ದೇ ಉಳಿಯಿತು ಅಂತ ಕಾಣುತ್ತದೆ. ಪಾಪ, ಜತ್ತಿಯವರನ್ನು ಯಾರೂ ನೆನೆಯುವುದಿಲ್ಲ.

"ಇಲ್ಲಿ ಬಿದಿರು ಎಷ್ಟಿತ್ತು ಗೊತ್ತಾ?" ಅಂದರು ಪೋಲಾ. "ಬೆಂಕಿ ಹಾಕಿದ್ರೆ ಗೆಣ್ಣು ಸಿಡಿಯೋದು, ಢಮ್ ಢಮ್ ಅಂತ. ನಾವು ಮಕ್ಕಳು, ಚೈನಾದವರು ಇಲ್ಲಿಗೂ ಬಂದ್ರು ಅಂತ ಓಡಿಹೋಗ್ತಿದ್ವಿ." ಹಗಲೆಲ್ಲ ಕಾಡು ಕಡಿಯುವ ಕೂಲಿ, ರಾತ್ರಿ ಡೇರೆಯಲ್ಲಿ ನಿದ್ದೆ. ನಿದ್ದೆ ಎಲ್ಲಿಂದ ಬರಬೇಕು, ಕತ್ತಲಾದರೆ ಆನೆ. ಡಬ್ಬ ಬಡಿದು ಓಡಿಸುವುದು. ಚಳಿ ದೇಶದಿಂದ ಬಂದ ಮೈಗೆ ಈ ಸೆಕೆ ತಡೆಯಲಿಲ್ಲ. ಬಂದ ಮೊದಲ ಎರಡು ವರ್ಷದಲ್ಲಿ ಅವರ ತಂಗಿ ಹೋದಳು, ಅಜ್ಜ ಹೋದರು. ಅದನ್ನು ಹೇಳುವಾಗ ಅವರು ನಿಲ್ಲಲಿಲ್ಲ, ನಡೆಯುತ್ತಲೇ ಹೇಳಿದರು.

ಕಾಡು ಬಯಲಾದ ಮೇಲೆ ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ ಹೊಲ ಹಂಚಿದರಂತೆ. ಆದರೆ ಬಂದವರಲ್ಲಿ ಅರ್ಧಕ್ಕರ್ಧ ಜನ ಕುರಿ, ಯಾಕ್ ಮೇಯಿಸಿದವರು. ಬೇಸಾಯ ಗೊತ್ತಿದ್ದವರಿಗೂ ಗೊತ್ತಿದ್ದದ್ದು ಬಾರ್ಲಿ. ಈ ಮಣ್ಣು, ಈ ಮಳೆಗೆ ಅದು ಬರುವುದಿಲ್ಲ. ಏನೇನೋ ಬಿತ್ತಿ ಸೋತು, ಕೊನೆಗೆ ಕೈ ಹಿಡಿದದ್ದು ಮುಸುಕಿನ ಜೋಳ. "ಯಾವಾಗ ಉಳಬೇಕು, ಯಾವಾಗ ಬಿತ್ತಬೇಕು, ಎಲ್ಲಾ ಈ ಹಳ್ಳಿಯವರೇ ಹೇಳಿಕೊಟ್ಟಿದ್ದು. ಕನ್ನಡ ನಾವು ಇಸ್ಕೂಲಲ್ಲಿ ಕಲೀಲಿಲ್ಲ. ಹೊಲದಲ್ಲಿ ಕಲಿತಿದ್ದು." ಅವರಮ್ಮ ಬಾರ್ಲಿಯ ಬದಲು ಇದೇ ಜೋಳ ಹುರಿದು ಬೀಸಿ, ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಮಾಡಿ ಕೊಡುತ್ತಿದ್ದರಂತೆ. ಅವರಪ್ಪ ಒಂದು ತುತ್ತು ತಿಂದು ಎದ್ದು ಹೋಗುತ್ತಿದ್ದರಂತೆ.

ಹೊಲದಲ್ಲಿ ಆಗಲೇ ಐದು ಜನ ಹೆಂಗಸರು ತೆನೆ ಮುರಿಯುತ್ತಿದ್ದರು. ಪಕ್ಕದ ಹಳ್ಳಿಯವರು. ಎಲ್ಲರಿಗಿಂತ ಹಿರಿಯರೊಬ್ಬರು ಮೇಸ್ತ್ರಿ. ಕೂಲಿ ಮಾತಾಡುವುದು, ಆಳು ಕರೆತರುವುದು, ಪೋಲಾಗೆ ಬೈಯುವುದು ಎಲ್ಲಾ ಅವರದ್ದೇ. ಅವರ ತಾಯಿಯೂ ಇದೇ ಹೊಲಕ್ಕೆ ಬರುತ್ತಿದ್ದರಂತೆ.

ಸುಮ್ನೆ ನಿಂತರೆ ಮರ್ಯಾದೆ ಅಲ್ಲ ಅಂತ ನಾನೂ ಸಿಪ್ಪೆ ಬಿಡಿಸಲು ಕೂತೆ. ನೋಡಲು ಸುಲಭ. ಮಾಡಿದರೆ ಗೊತ್ತಾಗುತ್ತದೆ. ಒಣಗಿದ ಸಿಪ್ಪೆ ಕಾಗದದ ಹಾಗೆ ಕಾಣುತ್ತದೆ, ಆದರೆ ಪದರ ಪದರವಾಗಿ ತೆನೆಗೆ ಬಿಗಿದುಕೊಂಡಿರುತ್ತದೆ. ಮೇಸ್ತ್ರಿ ಅಕ್ಕನ ಕೈಯಲ್ಲಿ ಬೆರಳುದ್ದದ ಬಿದಿರಿನ ಮೊಳೆ, ತುದಿ ಚೂಪು, ಬುಡಕ್ಕೆ ಬಟ್ಟೆ ಸುತ್ತಿದ್ದು. ತೆನೆಯ ತುದಿಗೆ ಚುಚ್ಚಿ ಸರ್ರನೆ ಕೆಳಗೆ ಎಳೆದರೆ ಸಿಪ್ಪೆ ಎರಡು ಹೋಳು. ಎರಡೂ ಹಿಡಿದು ಹಿಂದಕ್ಕೆ ಬಗ್ಗಿಸಿ, ಬುಡದಲ್ಲಿ ಲಟಕ್ ಅಂತ ಮುರಿದರೆ ತೆನೆ ಒಂದು ಕಡೆ, ಸಿಪ್ಪೆ ಒಂದು ಕಡೆ. ನಾನು ಒಂದು ಬಿಡಿಸುವಷ್ಟರಲ್ಲಿ ಅವರು ನಾಲ್ಕು. ಅದೂ ಮಾತಾಡುತ್ತಾ, ಎಲೆ ಅಡಿಕೆ ಜಗಿಯುತ್ತಾ. ಹತ್ತು ಗಂಟೆಗೆ ನನ್ನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ರಕ್ತ. ಅಕ್ಕ ನೋಡಿ, "ಸಾಕು ಬಿಡಿ ಸಾಮಿ, ಕಂಪ್ಯೂಟರ್ ಒತ್ತಕ್ಕಾದ್ರೂ ಬೆರಳು ಬೇಕು" ಅಂದರು.

ಹನ್ನೊಂದಕ್ಕೆ ಟ್ರ್ಯಾಕ್ಟರ್ ಬಂತು, ಹಿಂದೆ ಕಾಳು ಬಿಡಿಸುವ ಮೆಷಿನ್. ಒಂದು ಕಡೆಯಿಂದ ತೆನೆ ಸುರಿದರೆ ಇನ್ನೊಂದು ಕಡೆ ಬೆಂಡು ಹಾರುತ್ತದೆ, ಕೆಳಗೆ ಕಾಳು ಜಲಪಾತದ ಹಾಗೆ ಸುರಿಯುತ್ತದೆ. ಅರ್ಧ ಗಂಟೆ ಓಡಿ ಮೆಷಿನ್ ನಿಂತುಹೋಯಿತು. ಪೋಲಾ ಜಪಮಣಿ ಜೇಬಿಗೆ ಹಾಕಿ, ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗಿದರು. "ಥತ್, ಇದರ ಮನೆ ಹಾಳಾಗ" ಅಂತ ಕೇಳಿಸಿತು. ಮಂತ್ರ ಟಿಬೆಟನ್ನಿನಲ್ಲಿ, ಬೈಗುಳ ಕನ್ನಡದಲ್ಲಿ.

ಮೂಟೆ ಲೆಕ್ಕ ಹಾಕುವಾಗ ಇದರ ತದ್ವಿರುದ್ಧ. ಅಕ್ಕ ಒಂದೊಂದೇ ಮೂಟೆ ಮುಟ್ಟುತ್ತಾ, "ಚಿಕ್, ನ್ಯೀ, ಸುಮ್, ಶಿ, ನ್ಗಾ..." ಅಂತ ಎಣಿಸುತ್ತಿದ್ದರು. ನಾನು ಕಿವಿ ನೆಟ್ಟಗೆ ಮಾಡಿ ಕೇಳಿದೆ. ಒಂದು, ಎರಡು, ಮೂರು ಅಂತ ಯಾಕೆ ಎಣಿಸಲ್ಲ? "ನಮ್ಮವ್ವ ಹಿಂಗೇ ಎಣಿಸ್ತಿದ್ಲು. ಇವ್ರ ಹೊಲದಲ್ಲಿ ಇವ್ರ ಲೆಕ್ಕ. ನಮ್ಮನೇಲಿ ನಮ್ಮ ಲೆಕ್ಕ." ಹತ್ತು ಆದಮೇಲೆ "ಚು" ಅಂದು ನೆಲದ ಮೇಲೆ ಒಂದು ಗೀರು ಎಳೆದರು.

ನಾಲ್ಕು ಗಂಟೆಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಒಣಗಲು ಕಣದಲ್ಲಿ ಹರಡಿದ್ದ ಕಾಳು ಒಂದು ಅಂಗೈ ದಪ್ಪ, ಎರಡು ಮನೆಯಷ್ಟು ಅಗಲ. ನೆನೆದರೆ ಬೂಷ್ಟು, ಬೂಷ್ಟು ಬಂದರೆ ಕೋಳಿ ಆಹಾರಕ್ಕೂ ಕೊಳ್ಳುವುದಿಲ್ಲ. ಪೋಲಾ ಆಕಾಶ ನೋಡಿ, "ಬತ್ತದೆ" ಅಂದರು, ಅಷ್ಟೇ. ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ಹುಡುಗಿ ಮೊಬೈಲ್ ಬಾಯಲ್ಲಿ ಕಚ್ಚಿಕೊಂಡು ಗುದ್ದಲಿ ತಂದಳು. ಶೋ ಆಡುತ್ತಿದ್ದ ನಾಲ್ವರೂ ದಾಳ ಬಿಟ್ಟು ಬಂದರು. ಸೆರಾ ಮಠದಿಂದ ಮಾವನನ್ನು ನೋಡಲು ಬಂದಿದ್ದ ಯುವ ಭಿಕ್ಷು ಕಾವಿಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು ಟಾರ್ಪಾಲಿನ ಒಂದು ಮೂಲೆ ಹಿಡಿದ, ಇನ್ನೊಂದು ಮೂಲೆ ಅಕ್ಕ ಹಿಡಿದರು. ಕಾಳು ಎಳೆದು ಗುಡ್ಡೆ ಮಾಡಿ, ಮೇಲೆ ಹೊದಿಸಿ, ಸುತ್ತ ಕಲ್ಲು ಹೇರುವಷ್ಟರಲ್ಲಿ ದಪ್ಪ ಹನಿ ಶುರು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಎಲ್ಲರೂ ಅಂಗಡಿಯ ತಗಡಿನ ಕೆಳಗೆ ನಿಂತೆವು. ಎರಡು ಭಾಷೆಯಲ್ಲಿ ಒಟ್ಟಿಗೆ ಮಾತು, ಮಧ್ಯೆ ಹಿಂದಿ.

ಮಳೆ ಬಂದದ್ದು ಹತ್ತೇ ನಿಮಿಷ! ನನಗೆ ಹೊಟ್ಟೆ ಉರಿಯಿತು, ಅವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅಕ್ಕ ಬೇಗ ಹೊರಟರು. ಅವತ್ತು ಊರಲ್ಲಿ ಮಹಿಳಾ ಸಂಘದ ಮೀಟಿಂಗ್, ವಾರದ ಉಳಿತಾಯ ಕಟ್ಟಬೇಕು. ಇಲ್ಲೊಂದು ಕುತೂಹಲದ ಎಳೆ ಇದೆ. 1968ರಲ್ಲಿ ಟಿಬೆಟನ್ ನೆಲೆಗಳ ಕೆಲಸಕ್ಕೆ ಅಂತಲೇ ಹುಟ್ಟಿದ ಸಂಸ್ಥೆ ಮೈರಾಡ. ಬಿಡಿಸಿ ಹೇಳಿದರೆ ಮೈಸೂರು ರೀಸೆಟಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಆ ಕೆಲಸ ಮುಗಿದ ಮೇಲೆ ಅದು ನಮ್ಮ ಹಳ್ಳಿಗಳ ಕಡೆ ತಿರುಗಿತು. 1980ರ ದಶಕದಲ್ಲಿ ಅದು ಕಟ್ಟಿದ ಚಿಕ್ಕ ಚಿಕ್ಕ ಉಳಿತಾಯದ ಗುಂಪುಗಳನ್ನು ನೋಡಿಯೇ ಕೃಷಿ-ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ನಬಾರ್ಡ್ 1992ರಲ್ಲಿ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲದ ಯೋಜನೆ ತಂದದ್ದು. ಅಂದರೆ ಅಕ್ಕ ಇವತ್ತು ಓಡಿಹೋದ ಸಂಘಕ್ಕೂ ಈ ಕ್ಯಾಂಪಿಗೂ ದೂರದ ನೆಂಟಸ್ತನ ಇದೆ. ಮಾರನೆಯ ದಿನ ಇದನ್ನು ಹೇಳಿದೆ. "ಹೌದಾ" ಅಂದು ಇನ್ನೊಂದು ತೆನೆ ಎತ್ತಿಕೊಂಡರು.

ಮೂರನೇ ದಿನ, ಶನಿವಾರ

ಬೆಳಗ್ಗೆ ಮೋಲಾ ಜೊತೆ ಕೋರಾ. ಕೋರಾ ಅಂದರೆ ಪ್ರದಕ್ಷಿಣೆ, ಆದರೆ ನಮ್ಮ ಹಾಗೆ ಮೂರು ಸುತ್ತಿಗೆ ಮುಗಿಯುವುದಿಲ್ಲ. ಊರಿನ ಅಜ್ಜ-ಅಜ್ಜಿಯರೆಲ್ಲ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಮಣಿ ಎಣಿಸುತ್ತಾ, ಪ್ರಾರ್ಥನಾ ಚಕ್ರ ತಿರುಗಿಸುತ್ತಾ ಸುತ್ತುತ್ತಲೇ ಇರುತ್ತಾರೆ. ಊರಿನ ಸುದ್ದಿ ಎಲ್ಲಾ ಅಲ್ಲೇ ಹಂಚಿಕೆ. ಯಾರ ಮಗನಿಗೆ ವೀಸಾ ಆಯಿತು, ಯಾರ ಮಂಡಿ ಆಪರೇಷನ್ ಆಯಿತು.

ಹೋಗುತ್ತಾ ನಾನು ನನ್ನ ನೇರಳೆ ಸ್ವೆಟರ್ ಕಥೆ ಹೇಳಿದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅರಸೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ಚಳಿಗಾಲಕ್ಕೆ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಿದ್ದರು. ಪಟ್ಟೆ ಪಟ್ಟೆ ಏಪ್ರನ್ ಕಟ್ಟಿದ ಅಮ್ಮ ಒಬ್ಬರು, ನಮ್ಮಮ್ಮನ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿ, ಒಂದು ಸೈಜು ದೊಡ್ಡದನ್ನೇ ಕೊಟ್ಟು ಕಳಿಸಿದ್ದರು. ಅದನ್ನು ಏಳನೇ ಕ್ಲಾಸಿನವರೆಗೂ ಹಾಕಿದೆ. ಮೋಲಾ ನಕ್ಕರು. ಅವರೂ ಇಪ್ಪತ್ತು ವರ್ಷ ಸ್ವೆಟರ್ ಮಾರಿದವರೇ, ಶಿವಮೊಗ್ಗದಲ್ಲಿ. ಜೋಳ ಮುರಿದು ಮುಗಿಸಿದ ಮೇಲೆ ಊರಿಗೆ ಊರೇ ಖಾಲಿ. ಲುಧಿಯಾನದಿಂದ ಸಾಲಕ್ಕೆ ಮಾಲು ತಂದು, ಬೇರೆ ಬೇರೆ ಊರಿನ ಫುಟ್‌ಪಾತಿನಲ್ಲಿ ಎರಡು ಮೂರು ತಿಂಗಳು ಕೂತು ಮಾರಿ, ಸಾಲ ತೀರಿಸಿ, ಹೊಸ ವರ್ಷ ಲೋಸಾರ್ ಹೊತ್ತಿಗೆ ವಾಪಸ್. "ಜೋಳದಲ್ಲಿ ಊಟ. ಸ್ವೆಟರ್‌ನಲ್ಲಿ ಇಸ್ಕೂಲ್ ಫೀಸು" ಅಂದರು. ಸೈಜು ದೊಡ್ಡದು ಕೊಡುತ್ತಿದ್ದದ್ದು ಯಾಕೆ ಅಂದರೆ, "ಮಕ್ಕಳು ಬೆಳೀತಾರೆ ಅಲ್ವಾ!"

ಗೋಲ್ಡನ್ ಟೆಂಪಲ್ಲಿಗೂ ಹೋದೆ, ಸುಳ್ಳು ಯಾಕೆ. ಶನಿವಾರ ಅಲ್ವಾ, ಬೆಂಗಳೂರಿಗೆ ಬೆಂಗಳೂರೇ ಅಲ್ಲಿತ್ತು. ಅದರ ನಿಜವಾದ ಹೆಸರು ನಮ್ಡ್ರೋಲಿಂಗ್ ಮಠ. 1963ರಲ್ಲಿ ಪೆನೋರ್ ರಿಂಪೋಚೆ ಬಿದಿರಿನ ಗುಡಿಸಲಿನಲ್ಲಿ ಶುರು ಮಾಡಿದ್ದು, ಈಗಿನ ಬಂಗಾರದ ದೇವಾಲಯ ತೆರೆದದ್ದು 1999ರಲ್ಲಿ. ಚೆನ್ನಾಗಿದೆ, ಎಲ್ಲರೂ ನೋಡಿದ್ದೀರಿ. ಮುಂದೆ ಹೋಗೋಣ.

ಮಧ್ಯಾಹ್ನ ಸೆರಾಗೆ. ನಿನ್ನೆ ಟಾರ್ಪಾಲು ಎಳೆದ ಭಿಕ್ಷುವೇ ಕರೆದುಕೊಂಡು ಹೋದ. ಲಾಸಾದ ಮೂಲ ಸೆರಾ ಮಠ 1419ರದ್ದು. ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ ಸುಮಾರು ಹತ್ತು ವರ್ಷ ಇದ್ದು, 1970ರ ಹೊತ್ತಿಗೆ ಇಲ್ಲಿಗೆ ಬಂದರು. ಬಂದವರಿಗೆ ಸಿಕ್ಕಿದ್ದೂ ಅದೇ ಕಾಡು, ಅದೇ ಗುದ್ದಲಿ. ಹಗಲು ಹೊಲ, ರಾತ್ರಿ ಪಾಠ. ಭಿಕ್ಷುವೊಬ್ಬ ನೇಗಿಲು ಹಿಡಿದರೆ ಮಣ್ಣಿನಲ್ಲಿ ಹುಳ ಸಾಯುತ್ತದೆ, ಪಾಪ ಅಲ್ವಾ ಅಂತ ಕೇಳಿದೆ. "ಹಳೆಯ ಗುರುಗಳು ಉತ್ತು ಬಂದು ಅದಕ್ಕೂ ಪ್ರಾರ್ಥನೆ ಮಾಡ್ತಿದ್ರು" ಅಂದ.

ಅಂಗಳದಲ್ಲಿ ತರ್ಕದ ಅಭ್ಯಾಸ ನಡೆದಿತ್ತು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಎಸೆಯುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ಎಡಗಾಲು ನೆಲಕ್ಕೆ ಅಪ್ಪಳಿಸಿ, ಎರಡು ಕೈ ಚಟ್ ಅಂತ ತಟ್ಟುತ್ತಾನೆ. ಏಕಕಾಲಕ್ಕೆ ನೂರಾರು ಜೋಡಿ. ಭಾಷೆ ಒಂದಕ್ಷರ ಗೊತ್ತಿಲ್ಲದಿದ್ದರೂ ಯಾರು ಸಿಕ್ಕಿಬಿದ್ದರು ಅಂತ ಮುಖ ನೋಡಿ ಹೇಳಬಹುದು. ನಮ್ಮ ಸಂತೆಯ ದನದ ವ್ಯಾಪಾರ ನೋಡಿದವರಿಗೆ ಈ ಚಟ್ ಚಟ್ ಹೊಸದೇನಲ್ಲ, ಅಲ್ಲಿ ಟವೆಲ್ಲಿನ ಕೆಳಗೆ, ಇಲ್ಲಿ ಬಯಲಲ್ಲಿ.

ರಾತ್ರಿ ಊಟಕ್ಕೆ ತುಕ್ಪಾ, ಅಂದರೆ ನೂಡಲ್ಸ್ ಹಾಕಿದ ಸಾರು. ತಿನ್ನುವಾಗಲೇ ಮಗಳ ವಿಡಿಯೋ ಕಾಲ್, ಕೆನಡಾದಿಂದ. ಮೊಮ್ಮಗ ಇಂಗ್ಲಿಷಿನಲ್ಲಿ ಏನೋ ಹೇಳಿದ, ಮೋಲಾ ಟಿಬೆಟನ್ನಿನಲ್ಲಿ ಉತ್ತರ ಕೊಟ್ಟರು, ಇಬ್ಬರೂ ನಕ್ಕರು. ಇಬ್ಬರಿಗೂ ಅರ್ಥವಾಗಿರಲಿಕ್ಕಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನೂ ಹೊರದೇಶಕ್ಕೆ ಹೋಗಲು ಅರ್ಜಿ ಹಾಕಿದ್ದಾನೆ. ಈ ಸಾಲಿನಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿದೆ ಅಂತ ಪೋಲಾ ಬೆರಳು ಮಡಿಸಿ ಎಣಿಸಿದರು. ಶುರುವಾದದ್ದು ತೊಂಬತ್ತರ ದಶಕದಲ್ಲಿ. ಅಮೆರಿಕ 1990ರ ಕಾಯ್ದೆಯಲ್ಲಿ ಭಾರತ, ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಹೋದವರು ಮನೆಯವರನ್ನು ಕರೆಸಿಕೊಂಡರು, ಅವರು ಇನ್ನಷ್ಟು ಜನರನ್ನು.

"ಹಾಗಾದ್ರೆ ಈ ಹೊಲ?" ಅಂದೆ.

"ನಾನಿರೋವರೆಗೂ ಜೋಳ. ಆಮೇಲೆ ಶುಂಠಿ."

ನೀವೂ ಹೋಗಬಹುದಲ್ಲ ಮಗಳ ಹತ್ತಿರ? ಒಮ್ಮೆ ಹೋಗಿದ್ದರಂತೆ, ಮೂರು ತಿಂಗಳು. ಚಳಿ ತಡೆಯಲಾಗಲಿಲ್ಲ ಅಂದರು. ಹೇಳಿದ ಮೇಲೆ ಅವರಿಗೇ ನಗು ಬಂತು. ಮೋಲಾ ಎದ್ದು ಏಳು ಬಟ್ಟಲಿನ ನೀರು ಬಗ್ಗಿಸಲು ಹೋದರು.

ನಾಲ್ಕನೇ ದಿನ, ಭಾನುವಾರ

ಬಿಸಿಲು ಚೆನ್ನಾಗಿತ್ತು. ಹೊರಡುವ ಮುಂಚೆ ಕಣಕ್ಕೆ ಹೋದೆ. ಟಾರ್ಪಾಲು ತೆಗೆದು ಕಾಳು ಮತ್ತೆ ಹರಡಿದ್ದರು. ಪೋಲಾ ಬರಿಗಾಲಲ್ಲಿ ಅದರ ಮೇಲೆ ಕಾಲೆಳೆದುಕೊಂಡು ನಡೆಯುತ್ತಾ ಸಾಲು ಮಾಡುತ್ತಿದ್ದರು. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. ಕಟುಂ ಅಂದರೆ ಒಣಗಿದೆ ಅಂತ ಅರ್ಥ. "ಇನ್ನೂ ಎರಡು ದಿನ" ಅಂದರು. ಒಣಗಿದ ಮೇಲೆ ಕ್ಯಾಂಪಿನ ಸೊಸೈಟಿಗೆ ಹಾಕುವುದೋ, ಹೊರಗಿನ ವ್ಯಾಪಾರಿಗೋ ಅಂತ ಅವರಿಗೂ ಅಕ್ಕನಿಗೂ ವಾದ ನಡೆದಿತ್ತು. ಅಕ್ಕನ ಪ್ರಕಾರ ಸೊಸೈಟಿಗೆ ಹಾಕಬೇಕು, ತೂಕದಲ್ಲಿ ಮೋಸ ಇಲ್ಲ. ಹೊಲ ಅವರದ್ದಲ್ಲ, ಜೋಳವೂ ಅವರದ್ದಲ್ಲ, ಆದರೂ ಗೆದ್ದದ್ದು ಅವರೇ ಅನ್ನಿಸಿತು.

ಬಾಡಿಗೆ ಕೊಡಲು ಹೋದರೆ ಎರಡು ರಾತ್ರಿಯದ್ದು ಮಾತ್ರ ತೆಗೆದುಕೊಂಡರು. ಶುಕ್ರವಾರ ಕೆಲಸ ಮಾಡಿದ್ದೀರಿ, ಅದಕ್ಕೆ ಇದು ವಜಾ ಅಂತೆ. ಒಂದು ಬುಟ್ಟಿ ತೆನೆಯನ್ನೂ ನೆಟ್ಟಗೆ ಬಿಡಿಸಿರಲಿಲ್ಲ ನಾನು. ಮೋಲಾ ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು, ಮರಳಿನಲ್ಲಿ ಹುರಿದ ಜೋಳ, ಉಪ್ಪು ಹಾಕಿದ್ದು. ಅದೊಂದು ಕನ್ನಡ ಪತ್ರಿಕೆ.

ಕೊಪ್ಪ ಗೇಟಿನ ಹತ್ತಿರ ಬಸ್ಸಿಗೆ ಕಾದೆ. ಆ ಕಡೆ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಕೊಡಗು ಜಿಲ್ಲೆ. ಈ ಕಡೆ ಮೈಸೂರು ಜಿಲ್ಲೆ. ಟೆಂಪಲ್ ಕಡೆ ತಿರುಗುವ ಕಾರುಗಳ ಸಾಲು ಹೆದ್ದಾರಿಯವರೆಗೂ ನಿಂತಿತ್ತು. ಬಸ್ಸು ಬಂತು, ಸೀಟೂ ಸಿಕ್ಕಿತು. ಟಿಕೆಟ್ ಹರಿಯುತ್ತಾ ಕಂಡಕ್ಟರ್ ನನ್ನ ತೊಡೆಯ ಮೇಲಿನ ಪೊಟ್ಟಣ ನೋಡಿದರು.

"ಏನ್ ಸಾರ್, ಗೋಲ್ಡನ್ ಟೆಂಪಲ್ ಪ್ರಸಾದನಾ?"

"ಅಲ್ಲ, ಜೋಳ."

ಒಂದು ಹಿಡಿ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಕಟುಂ ಕಟುಂ ಅನ್ನಿಸುತ್ತಾ ಹಿಂದಿನ ಸೀಟಿಗೆ ಹೋದರು.